ಮಗ್ಗದ ಕುಣಿಯ ಮೇಲೆ ಜಪಾನಿ ಕಾರು

ನನ್ನ ಮಾವನವರಿಗೂ ನನಗೂ ಇಡೀ ಸಂಸಾರದಲ್ಲಿ ಒಂದೇ ಒಂದು ದೊಡ್ಡ ಜಗಳವಾಯಿತು. ಅದು ಕಾರಿನ ಸಲುವಾಗಿ. ಸಣ್ಣ ಜಗಳಗಳನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವು ದಿನಾ ಇರುತ್ತಿದ್ದವು, ಅವಿಲ್ಲದೆ ನಮ್ಮಿಬ್ಬರಿಗೂ ಬೆಳಗಿನ ಚಹಾ ರುಚಿಸುತ್ತಿರಲಿಲ್ಲ.

ನಮ್ಮ ಮನೆ ಇದ್ದದ್ದು ರಾಣೆಬೆನ್ನೂರಿನ ನೇಕಾರರ ಓಣಿಯಲ್ಲಿ. ನಾನು ಹುಡುಗಿಯರ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕಾರು ಅನ್ನುತ್ತಾರೆ. ಮಾವನವರು ಸಮಾಧಾನದಲ್ಲಿದ್ದರೆ ನನ್ನನ್ನು ತಂಗಿ ಎನ್ನುವರು, ಸಿಟ್ಟು ಬಂದರೆ ಅಕ್ಕಾರು ಎನ್ನುವರು. ತಿಂಗಳಲ್ಲಿ ಇಪ್ಪತ್ತು ದಿನ ನಾನು ಅಕ್ಕಾರೇ. ನಮ್ಮ ಮನೆಯವರು ಬಿತ್ತನೆ ಬೀಜ ಮಾರುವ ಕೆಲಸದಲ್ಲಿದ್ದರು. ಹಾವೇರಿ, ಬ್ಯಾಡಗಿ, ಕುಪ್ಪೇಲೂರು ಎಂದು ವಾರವೆಲ್ಲ ಮೋಟಾರ್ ಸೈಕಲ್ಲಿನ ಮೇಲೆ ತಿರುಗಿ, ಸಂಜೆ ತಲೆಯ ತುಂಬ ಕೆಂಪು ಧೂಳು ಹೊತ್ತು ಬರುತ್ತಿದ್ದರು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ನಾವು ಮೂವರೇ. ಮಗ್ಗವನ್ನು ಸೇರಿಸಿದರೆ ನಾಲ್ವರು.

ಸೇರಿಸಲೇಬೇಕು. ಏಕೆಂದರೆ ಮನೆಯ ಮುಂದಿನ ದೊಡ್ಡ ಪಡಸಾಲೆ ಪೂರ್ತಿ ಅದರದೇ. ಅದು ಕುಣಿಮಗ್ಗ. ನೆಲದಲ್ಲಿ ಮೊಣಕಾಲಿಗಿಂತ ತುಸು ಆಳದ ಒಂದು ಕುಣಿ, ಅದರ ಅಂಚಿಗೆ ಕುಳಿತು ಕಾಲನ್ನು ಒಳಗೆ ಇಳಿಬಿಟ್ಟು ಹಲಗೆ ತುಳಿಯುತ್ತ, ಕೈಯಲ್ಲಿ ಲಾಳಿ ಓಡಿಸುತ್ತ ನೇಯುವುದು. ಎಪ್ಪತ್ತರ ಹತ್ತಿರ ಬಂದಿದ್ದರೂ ಮಾವನವರು ಬೆಳಿಗ್ಗೆ ರೊಟ್ಟಿ ತಿಂದು ಕುಣಿಗೆ ಕಾಲಿಳಿಸಿದರೆ ಮಧ್ಯಾಹ್ನ ಊಟಕ್ಕೇ ಮೇಲೇಳುವುದು. ಹತ್ತಿ ಸೀರೆ ನೇಯುತ್ತಿದ್ದರು. ಖಟಕ್ ಖಟಕ್ ಎಂಬ ಆ ಸದ್ದಿನಲ್ಲೇ ನಾನು ನೂರಾರು ಉತ್ತರ ಪತ್ರಿಕೆ ತಿದ್ದಿದ್ದೇನೆ. ಆ ಸದ್ದಿಗೆ ತಲೆ ಚಿಟ್ಟು ಹಿಡಿದು ಯಾವುದಾದರೂ ಪಾಪದ ಹುಡುಗಿಗೆ ಎರಡು ಅಂಕ ಕಡಿಮೆ ಬಿದ್ದಿದ್ದರೆ ಅದಕ್ಕೆ ಮಾವನವರೇ ಹೊಣೆ.

ಕಾರು ಬಂದದ್ದು ಬ್ಯಾಡಗಿಯಿಂದ. ಅಲ್ಲಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿಗೆ ನಮ್ಮ ಮನೆಯವರ ಪರಿಚಯವಿತ್ತು. ಸರ್ಕಾರ ಜಪಾನಿನವರ ಜೊತೆ ಸೇರಿ ಸಣ್ಣ ಕಾರು ಮಾಡುತ್ತದಂತೆ ಎಂದು ಸುದ್ದಿಯಾದಾಗ ಮುಂಗಡ ಕಟ್ಟಿ ಸರದಿಯಲ್ಲಿ ನಿಂತವರಲ್ಲಿ ಅವರೂ ಒಬ್ಬರು. ಸರದಿ ಬರುವುದರೊಳಗೆ ಅವರ ದೊಡ್ಡ ಮಗಳ ಮದುವೆಯಾಗಿ, ಎರಡು ಹೆರಿಗೆಯೂ ಆದವಂತೆ. ಕಡೆಗೊಮ್ಮೆ ಕಾರು ಬಂತು. ಚೌಕ ಮೂತಿಯ ಬಿಳಿ ಕಾರು. ಅದನ್ನು ಕಣ್ಣಿಗೊತ್ತಿಕೊಂಡು ಓಡಾಡುತ್ತಿರುವಾಗಲೇ ಕಂಪನಿಯವರು ಗುಂಡು ಮೂತಿಯ ಹೊಸ ನಮೂನೆ ಹೊರಗೆ ಬಿಟ್ಟರು. ಕೆಲವು ವರ್ಷ ತಡೆದುಕೊಂಡ ವ್ಯಾಪಾರಿಯ ಹೆಂಡತಿ ಕೊನೆಗೆ, ಚೌಕ ಮೂತಿಯದರಲ್ಲಿ ಇನ್ನು ಮದುವೆ ಮನೆಗೆ ಬರುವುದಿಲ್ಲ ಎಂದು ಹಟ ಹಿಡಿದರು. ಅವರ ಹಟದ ದಯೆಯಿಂದ ಕಾರು ನಮಗೆ ದಕ್ಕಿತು. ಆ ತಾಯಿಯನ್ನು ನಾನು ಇವತ್ತಿಗೂ ನೆನೆಸುತ್ತೇನೆ.

ನಮ್ಮ ಮನೆಯವರು ಕಾರು ತರಲು ಬೆಳಿಗ್ಗೆ ಹೋದವರು ಸಂಜೆಗೆ ಬಂದರು. ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಅಷ್ಟು ಹೊತ್ತು ಯಾಕೆ ಎಂದರೆ, ನಡುವೆ ಹಾವೇರಿಗೆ ಹೋಗಿದ್ದರಂತೆ. ಹಾವೇರಿ ಆ ಕಡೆ, ರಾಣೆಬೆನ್ನೂರು ಈ ಕಡೆ. ಆದರೆ ಹೊಸದಾಗಿ ಕಾರು ಸಿಕ್ಕವರಿಗೆ ಎಲ್ಲ ಊರೂ ದಾರಿಯಲ್ಲೇ ಇರುತ್ತವೆ. ಹಾವೇರಿಯಲ್ಲಿ ಒಂದು ಏಲಕ್ಕಿ ಹಾರ ಕೊಂಡು ಕಾರಿನ ಮೂತಿಗೆ ಹಾಕಿಕೊಂಡು ಬಂದಿದ್ದರು. ಒಳಗೆ ವರ್ಷಗಟ್ಟಲೆ ಕುಳಿತ ಮೆಣಸಿನಕಾಯಿಯ ಘಾಟು, ಹೊರಗೆ ಏಲಕ್ಕಿಯ ಘಮ. ಬಾಗಿಲು ತೆಗೆದರೆ ಮಸಾಲೆ ಡಬ್ಬಿಯ ಮುಚ್ಚಳ ತೆಗೆದ ಹಾಗಿತ್ತು.

ಮಾವನವರು ಮಗ್ಗ ಬಿಟ್ಟು ಹೊರಗೆ ಬಂದರು. ಕಾರಿನ ಸುತ್ತ ಒಂದು ಸುತ್ತು ಹಾಕಿದರು. ಬೆರಳ ಗೆಣ್ಣಿನಿಂದ ಬಾಗಿಲಿಗೆ ಎರಡು ಸಲ ಕುಟ್ಟಿ ನೋಡಿದರು.

"ಎಣ್ಣಿ ಡಬ್ಬಿ ತಗಡು ಇದಕಿಂತ ದಪ್ಪ ಇರತೈತಿ" ಎಂದರು.

"ಹಗುರ ಇದ್ರ ಪೆಟ್ರೋಲ್ ಕಡಿಮಿ ಕುಡೀತೈತ್ರಿ, ಮಾವಾರ" ಎಂದೆ ನಾನು.

"ಸಿಲಿಂಡರ್ ಎಷ್ಟು?"

"ಮೂರು" ಎಂದರು ನಮ್ಮ ಮನೆಯವರು.

"ಗಾಲಿ ನಾಕು, ಸಿಲಿಂಡರ್ ಮೂರು. ನಾಕನೇ ಗಾಲೀನ ಯಾರು ಎಳೀತಾರ, ಅಕ್ಕಾರು ಎಳೀತಾರೇನು?"

ಹೀಗೆಂದು ತಲೆಯನ್ನು ಕಿಟಕಿಯೊಳಗೆ ತೂರಿಸಿದವರೇ ಸತತವಾಗಿ ಏಳು ಸೀನು ಸೀನಿದರು. ಓಣಿಯ ಜನ ಎಲ್ಲ ನಕ್ಕರು. ನಾನೂ ನಕ್ಕೆ, ಸ್ವಲ್ಪ ಜಾಸ್ತಿಯೇ ನಕ್ಕೆ. ಅವರು ಮೂಗು ಒರೆಸಿಕೊಂಡು ಒಳಗೆ ಹೋಗಿ, ಅವತ್ತು ದೀಪ ಹಚ್ಚುವ ತನಕ ಮಗ್ಗದ ಸದ್ದು ಎರಡು ಪಟ್ಟು ಜೋರಾಗಿ ಮಾಡಿದರು.

ನನಗೆ ಮಾತ್ರ ಆ ಕಾರಿನ ಮೇಲೆ ಹುಚ್ಚು ಪ್ರೀತಿ. ನಾಚಿಕೆ ಬಿಟ್ಟು ಹೇಳುತ್ತೇನೆ, ಮದುವೆಯಲ್ಲಿ ಚಿನ್ನ ಹಾಕಿಕೊಂಡಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ. ಭಾನುವಾರ ಶಾಲೆಯ ಮೈದಾನದಲ್ಲಿ ಓಡಿಸಲು ಕಲಿತೆ. ಕ್ಲಚ್ಚು ಬಿಡುವ ಹೊತ್ತಿಗೆ ಕಾರು ಕಪ್ಪೆಯ ಹಾಗೆ ಜಿಗಿಯುತ್ತಿತ್ತು. ಕಾಂಪೌಂಡಿನ ಆಚೆ ನಿಂತು ನನ್ನ ಹತ್ತನೆಯ ಇಯತ್ತೆಯ ಹುಡುಗಿಯರು ಕಿಸಕಿಸ ನಗುತ್ತಿದ್ದರು. ಸೋಮವಾರ ಅವರಿಗೆ ಚಲನೆಯ ನಿಯಮಗಳನ್ನು ಕಲಿಸುವಾಗ ನಾನು ಅವರ ಮುಖ ನೋಡದೆ ಕರಿಹಲಗೆಯನ್ನೇ ನೋಡುತ್ತಿದ್ದೆ. ಆದರೂ ಎರಡು ತಿಂಗಳಲ್ಲಿ ಕಲಿತೆ. ಕಾಗಿನೆಲೆಯವರೆಗೆ ನಾನೇ ಓಡಿಸಿಕೊಂಡು ಹೋಗಿ ಬಂದ ದಿನ ನಮ್ಮ ಮನೆಯವರು ದಾರಿಯುದ್ದಕ್ಕೂ ಕಿಟಕಿಯ ಮೇಲಿನ ಹಿಡಿ ಬಿಟ್ಟಿರಲಿಲ್ಲ. ಮನೆಗೆ ಬಂದ ಮೇಲೆ ಭಾಳ ಚಲೋ ಓಡಿಸ್ತಿ ಎಂದರು.

ತೊಂದರೆ ಇದ್ದದ್ದು ಕಾರು ನಿಲ್ಲಿಸುವುದರಲ್ಲಿ. ನಮ್ಮ ಓಣಿಯಲ್ಲಿ ಖಾಲಿ ನಿಂತ ವಸ್ತು ಎಂದರೆ ಅದು ಎಲ್ಲರದು. ಮಕ್ಕಳು ಧೂಳು ಕುಳಿತ ಗಾಜಿನ ಮೇಲೆ ಬೆರಳಿನಿಂದ ಮಗ್ಗಿ ಬರೆದರು. ಏಳರ ಮಗ್ಗಿ ತಪ್ಪಿತ್ತು, ನಾನು ತಿದ್ದಿದೆ. ಎದುರು ಮನೆಯ ಎಮ್ಮೆ ಮೈ ತುರಿಸಿಕೊಳ್ಳಲು ನಮ್ಮ ಕಾರಿನ ಮೂಲೆಯನ್ನೇ ಗೊತ್ತು ಮಾಡಿಕೊಂಡು, ಒಂದು ದಿನ ಪಕ್ಕದ ಕನ್ನಡಿಯನ್ನು ಕಿತ್ತು ಕೊಂಬಿಗೆ ಸಿಕ್ಕಿಸಿಕೊಂಡು ಹೋಯಿತು. ಆಡುಗಳು ಬಾನೆಟ್ಟಿನ ಮೇಲೆ ಹತ್ತಿ ನಿಂತು ಊರು ನೋಡಿದವು. ಎಲ್ಲಕ್ಕಿಂತ ಹೆಚ್ಚಾಗಿ, ಬೇಸಿಗೆಯ ಒಂದು ದಿನ ಶಾಲೆಯಿಂದ ಬಂದು ನೋಡುತ್ತೇನೆ, ಕಾರಿನ ಮೇಲೆ ಬಿಳಿ ಪಂಚೆ ಹಾಸಿ ಸಾಲಾಗಿ ಸಂಡಿಗೆ ಇಟ್ಟಿದ್ದಾರೆ.

"ಯಾರಿದು?" ಎಂದು ಕೂಗಿದೆ.

ಮಗ್ಗುಲ ಮನೆಯ ಕಾಕು ಬಾಗಿಲಿಗೆ ಬಂದು, "ತಗಡು ಭಾಳ ಚಲೋ ಕಾಯತೈತಿ ಅಕ್ಕಾರ. ಒಂದ ದಿನದಾಗ ಒಣಗತಾವ. ನಿಮಗೂ ಒಂದು ಡಬ್ಬಿ ಕೊಡತೇನಿ ತಗೋರಿ" ಎಂದಳು.

ಸಂಡಿಗೆ ತೆಗೆದುಕೊಂಡೆ. ಆದರೆ ಅವತ್ತು ಸಂಜೆಯೇ ತೀರ್ಮಾನ ಮಾಡಿದೆ. ಪಡಸಾಲೆಗೆ ಓಣಿಯ ಕಡೆ ಎರಡು ಹೋಳಿನ ದೊಡ್ಡ ಬಾಗಿಲು ಇತ್ತು. ಹಿಂದಿನ ಕಾಲದಲ್ಲಿ ಚಕ್ಕಡಿ ಒಳಗೆ ಬರುತ್ತಿತ್ತಂತೆ. ಕಾರು ಸಲೀಸಾಗಿ ಹಿಡಿಯುತ್ತದೆ. ಅಡ್ಡ ಇರುವುದು ಮಗ್ಗ ಒಂದೇ.

ನಾನು ಮಾತು ತೆಗೆದೆ. ಮಾವನವರು ಕೇಳಿಸಿಕೊಳ್ಳಲಿಲ್ಲ. ಅವರಿಗೆ ಬೇಡವಾದ ಮಾತು ಬಂದಾಗ ಲಾಳಿ ತಾನೇ ಜೋರಾಗಿ ಓಡುತ್ತಿತ್ತು. ನಾನೂ ಬಿಡುವವಳಲ್ಲ. ಊಟಕ್ಕೆ ಬಡಿಸುತ್ತ ಹೇಳಿದೆ, ನೀರು ಕೊಡುತ್ತ ಹೇಳಿದೆ. ಸೀರೆ ಕೊಳ್ಳುವವರು ಎಷ್ಟು ಮಂದಿ ಉಳಿದಿದ್ದಾರೆ, ಕಣ್ಣಿಗೆ ಎಷ್ಟು ದಣಿವು, ಇನ್ನು ಸಾಕಲ್ಲವೇ ಎಂದು ಅವರ ಒಳ್ಳೆಯದಕ್ಕೇ ಹೇಳುವ ಹಾಗೆ ಹೇಳಿದೆ. ಅವರು, "ಕಾರು ಒಳಗ ಬರಲಿ. ನಾ ಹೊರಗ ಓಣ್ಯಾಗ ಕುಂದರತೇನಿ. ನನ್ನ ಮ್ಯಾಲೆ ಸಂಡಿಗಿ ಒಣಾ ಹಾಕ್ರಿ" ಎಂದರು. ನಮ್ಮ ಮನೆಯವರು ಇಂಥ ಹೊತ್ತಿನಲ್ಲಿ ಕುಪ್ಪೇಲೂರಿನಲ್ಲಿ ಬೀಜದ ಹೊಲ ನೋಡುವುದಿದೆ ಎಂದು ಎದ್ದುಬಿಡುವರು. ಆ ತಿಂಗಳು ಕುಪ್ಪೇಲೂರಿನ ಹೊಲಗಳಷ್ಟು ಒಳ್ಳೆಯ ಮೇಲ್ವಿಚಾರಣೆ ಇಡೀ ತಾಲ್ಲೂಕಿನಲ್ಲಿ ಯಾವ ಹೊಲಕ್ಕೂ ಸಿಕ್ಕಿರಲಿಕ್ಕಿಲ್ಲ.

ನನಗೆ ದಾರಿ ತೋರಿಸಿದವನು ಮೇಸ್ತ್ರಿ. ಅವನು ನಮ್ಮ ಹಿಂದಿನ ಓಣಿಯವನು, ಮುಸಲ್ಮಾನರ ಪೈಕಿ. ಅವನ ತಂದೆ ಲಾರಿ ರಿಪೇರಿ ಮಾಡುತ್ತಿದ್ದ, ಇವನೂ ಅದನ್ನೇ ಮಾಡಿಕೊಂಡು ಬಂದವನು, ಈಗ ಸಣ್ಣ ಕಾರಿನ ಕೆಲಸವನ್ನೂ ಕಲಿಯುತ್ತಿದ್ದ. ಮಾವನವರನ್ನು ಕಾಕಾ ಎನ್ನುತ್ತಿದ್ದ. ಅವನಿಗೆ ಈ ಜಪಾನಿ ಕಾರಿನ ಮೇಲೆ ಒಂದು ದೂರಿತ್ತು, ಅದು ಕೆಡುವುದೇ ಇಲ್ಲ ಎಂದು.

"ಅರೇ, ಇಂಥಾ ಗಾಡಿ ನಾಕು ಬಂದ್ರ ನಾವು ಉಪಾಸ ಬೀಳ್ತೇವ್ರಿ ಅಕ್ಕಾರ. ಎಣ್ಣಿ ಬದಲಿ ಮಾಡೂದು, ಒರಸೂದು, ಇಷ್ಟ. ಬಿಚ್ಚಾಕ ಏನರ ಬೇಕಲ್ರಿ" ಎನ್ನುತ್ತಿದ್ದ.

ಒಂದು ದಿನ ಓಣಿಯ ನೆಲದ ಮೇಲೆ ಅಂಗಾತ ಮಲಗಿ ಕಾರಿನ ಕೆಳಗೆ ಅರ್ಧ ಮೈ ತೂರಿಸಿಕೊಂಡು ಎಣ್ಣೆ ಇಳಿಸುತ್ತಿದ್ದವನು ಅಲ್ಲಿಂದಲೇ ಹೇಳಿದ. ಹುಬ್ಬಳ್ಳಿಯಲ್ಲಿ ಮೇಸ್ತ್ರಿಗಳಿಗೆ ತರಬೇತಿ ಕೊಟ್ಟರಂತೆ. ಅಲ್ಲಿ ಪಾಠ ಹೇಳಿದವರು, ಈ ಜಪಾನಿ ಕಂಪನಿ ಶುರುವಾದದ್ದೇ ಮಗ್ಗದಿಂದ ಎಂದು ಹೇಳಿದರಂತೆ. ಅದನ್ನು ಕಟ್ಟಿದ ಮನುಷ್ಯ ಬಡಗಿ ಕೆಲಸ ಕಲಿತವನು. ಅವನ ತಾಯಿ ನೇಯುತ್ತಿದ್ದಳು. ಅವಳ ಕಷ್ಟ ನೋಡಲಾರದೆ ಮೊದಲ ಮಗ್ಗ ಮಾಡಿದ್ದು ಅವಳಿಗಾಗಿಯೇ. ಆಮೇಲೆ ಊರಿನವರಿಗೆ, ಆಮೇಲೆ ದೇಶಕ್ಕೆ. ಮುಂದೆ ಯಾವಾಗಲೋ ಹತ್ತಿಯ ಪೇಟೆ ಬಿದ್ದು ಮಗ್ಗ ಕೊಳ್ಳುವವರು ಕಡಿಮೆಯಾದಾಗ ಸೈಕಲ್ಲಿಗೆ ಎಂಜಿನ್ ಕೂಡಿಸಿದರು. ಅಲ್ಲಿಂದ ಮೋಟಾರ್ ಸೈಕಲ್ಲು, ಅಲ್ಲಿಂದ ಕಾರು.

ನಾನು ಅಲ್ಲೇ ಓಣಿಯಲ್ಲಿ ನಿಂತುಕೊಂಡೇ ಕುಣಿಯುವುದೊಂದು ಬಾಕಿ. ಆಯುಧ ಸಿಕ್ಕಿತ್ತು.

ಮಾವನವರಿಗೆ ಇದನ್ನು ಹೇಳಿದಾಗ ಲಾಳಿ ನಿಂತಿತು. ನನ್ನ ಮಾತಿಗೆ ಮಗ್ಗ ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಮಗ್ಗದವರು ಮಾಡಿದ್ದಾ ಇದು?" ಎಂದರು.

"ಹೌದ್ರಿ. ಅವ್ವನ ಸಲುವಾಗಿ ಮೊದಲ ಮಗ್ಗ ಮಾಡಿದ್ನಂತ."

"ಅವ್ವಗ ಮಗ್ಗ ಮಾಡಿಕೊಟ್ಟವ ಕೆಟ್ಟವ ಇರೂದಿಲ್ಲ" ಎಂದು ಎದ್ದರು.

ಹೊರಗೆ ಬಂದು ಬಾನೆಟ್ ತೆಗೆಸಿದರು. ಪಂಚೆ ಮೇಲೆ ಕಟ್ಟಿ, ಕೈ ಬೆನ್ನ ಹಿಂದೆ ಇಟ್ಟುಕೊಂಡು, ಬಿಸಿಲು ಇಳಿಯುವ ತನಕ ಎಂಜಿನ್ನಿನ ಮುಂದೆ ನಿಂತರು. ಮೇಸ್ತ್ರಿಯನ್ನು ಕರೆಸಿ ಇದೇನು ಅದೇನು ಎಂದು ಕೇಳಿದರು. ಚಾಲೂ ಮಾಡು ಎಂದರು, ನಿಲ್ಲಿಸು ಎಂದರು, ಮತ್ತೆ ಚಾಲೂ ಮಾಡು ಎಂದರು. ಬೆಲ್ಟು ತಿರುಗುವುದನ್ನು ನೋಡಿ ನೂಲು ಸುತ್ತುವ ರಾಟಿ ಎಂದರು. ಒಳಗೆ ಮೂರು ಪಿಸ್ಟನ್ ಸರದಿಯಂತೆ ಮೇಲೆ ಕೆಳಗೆ ಆಡುತ್ತವೆ ಎಂದು ಮೇಸ್ತ್ರಿ ಹೇಳಿದಾಗ, "ಹಂಗಾರ ಇದೂ ತುಳಿಯೂದ ಆತು. ಇವರು ಕಾಲು ಬಿಟ್ಟು ಪೆಟ್ರೋಲಿಂದ ತುಳಿಸ್ಯಾರ" ಎಂದು ತಲೆದೂಗಿದರು. ಅವತ್ತಿನಿಂದ ಓಣಿಯಲ್ಲಿ ಯಾರಾದರೂ ಕಾರಿಗೆ ತಗಡು ಎಂದರೆ ಸಿಟ್ಟಿಗೆ ಬರುವವರು ಅವರೇ. ಮಗ್ಗದವರ ಕಾರು ಅದು, ನಮ್ಮ ಪೈಕಿ ಎಂದು ಹೇಳುತ್ತಿದ್ದರು. ಜಪಾನಿನಲ್ಲಿ ಬೀಗರಿದ್ದಾರೆ ಎನ್ನುವಷ್ಟು ಸಲಿಗೆ.

ಎರಡು ದಿನ ಬಿಟ್ಟು, ಊಟದ ನಡುವೆ, ನನ್ನನ್ನು ಕೇಳಿದರು.

"ತಂಗಿ, ನೀ ಓದಿದಾಕಿ. ಒಂದ ಮಾತು ಹೇಳು. ಅವರು ಮಗ್ಗ ಬಿಟ್ಟು ಕಾರು ಮಾಡಿದ್ರೋ, ಮಗ್ಗ ಇಟಗೊಂಡ ಕಾರು ಮಾಡಿದ್ರೋ?"

ನನಗೆ ಗೊತ್ತಿರಲಿಲ್ಲ. ಮೇಸ್ತ್ರಿ ಅದನ್ನು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ತರಗತಿಯಲ್ಲಿ ಹುಡುಗಿಯರು ಗೊತ್ತಿಲ್ಲದ್ದನ್ನು ಕೇಳಿದರೆ, ನೋಡಿ ನಾಳೆ ಹೇಳುತ್ತೇನೆ ಎನ್ನುವವಳು ನಾನು. ಅದು ನನಗೆ ಹೆಮ್ಮೆಯ ವಿಷಯವೂ ಆಗಿತ್ತು. ಅವತ್ತು ಮಾತ್ರ ಸಾರಿನ ಸೌಟು ಕೈಯಲ್ಲಿ ಹಿಡಿದುಕೊಂಡು, ಕಣ್ಣು ಮಿಟುಕಿಸದೆ, "ಬಿಟ್ಟರ್ರಿ ಮಾವಾರ. ಮಗ್ಗ ಪೂರ್ತಿ ಬಿಟ್ಟ ಮ್ಯಾಲೇನ ಕಾರಿಗೆ ಕೈ ಹಚ್ಚಿದ್ರು" ಎಂದೆ.

ಅವರು ಅನ್ನ ಕಲಸಿ ಉಂಡರು. ಕೈ ತೊಳೆದು ಬಂದು, "ಮಗ್ಗಕ್ಕ ಏರಿಸಿದ ಹಾಸು ಮುಗೀಲಿ. ಇನ್ನೂ ಎರಡು ಸೀರಿ ಅದಾವ. ಆಮ್ಯಾಲೆ ಬಿಚ್ಚತೇನಿ" ಎಂದರು.

ಎರಡು ಸೀರೆ ಮುಗಿದ ಮೇಲೆ ಬಂದ ಭಾನುವಾರ ಅವರೇ ಮಗ್ಗ ಬಿಚ್ಚಿದರು. ಮಗನ ಕೈಯನ್ನೂ ಹಚ್ಚಿಸಿಕೊಳ್ಳಲಿಲ್ಲ. ಮರದ ಕೊಡತಿಯಿಂದ ಮೆಲ್ಲಗೆ ಬಡಿದು ಒಂದೊಂದೇ ಕಟ್ಟಿಗೆ ಬಿಡಿಸಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಅಟ್ಟಕ್ಕೆ ಏರಿಸಿದರು. ಒಂದೇ ಒಂದು ಕರಾರು ಹಾಕಿದರು. ಕುಣಿ ಮುಚ್ಚಬಾರದು. ನಮ್ಮ ಮನೆತನದಲ್ಲಿ ನೇಕಾರ ಬದುಕಿರುವ ತನಕ ಅವನ ಕುಣಿಗೆ ಮಣ್ಣು ಹಾಕುವುದಿಲ್ಲ, ಅದು ಅಶುಭ ಎಂದರು. ಕಾರಿನ ಗಾಲಿ ಆ ಕಡೆ ಈ ಕಡೆ ಬಂದರೆ ಕುಣಿ ಹೊಟ್ಟೆಯ ಕೆಳಗೆ ಉಳಿಯುತ್ತದೆ ಎಂದು ನಾನು ಅಳತೆ ಪಟ್ಟಿ ಹಿಡಿದು ನೋಡಿ ಒಪ್ಪಿದೆ. ಸಂಜೆಗೆ ಕಾರು ಒಳಗೆ ಬಂತು. ದೊಡ್ಡ ಬಾಗಿಲು ಹಾಕಿ ನಾನು ಗೆದ್ದವಳ ಹಾಗೆ ಬೀಗಿದೆ.

ಮರುದಿನ ಶಾಲೆಯಿಂದ ಬಂದು ಉತ್ತರ ಪತ್ರಿಕೆ ಹರಡಿಕೊಂಡು ಕುಳಿತೆ. ಮನೆ ಎಷ್ಟು ಸದ್ದಿಲ್ಲದೆ ಇತ್ತೆಂದರೆ ಗೋಡೆ ಗಡಿಯಾರ ಕೇಳಿಸಿತು. ಅದು ಸದ್ದು ಮಾಡುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಒಂದು ಪತ್ರಿಕೆ ತಿದ್ದಲು ಅರ್ಧ ತಾಸು ಹಿಡಿಯಿತು. ಮಾವನವರು ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದರು. ಹೋಗಿಬರುವವರು ಏನಾದರೂ ಕೇಳಿದರೆ ಉತ್ತರ ಕೊಡುತ್ತಿದ್ದರು, ಇಲ್ಲದಿದ್ದರೆ ಇಲ್ಲ. ಅವರು ನನ್ನ ಜೊತೆ ಜಗಳ ಆಡುವುದನ್ನು ಬಿಟ್ಟರು. ನನಗೆ ಅಕ್ಕಾರು ಎನ್ನುವುದನ್ನೂ ಬಿಟ್ಟರು. ಚಹಾ ಚೆನ್ನಾಗಿಲ್ಲದಿದ್ದರೂ ಚೆನ್ನಾಗಿದೆ ಎಂದು ಕುಡಿದರು. ಒಂದು ದಿನ ಬೇಕೆಂತಲೇ ಸಕ್ಕರೆ ಹಾಕದೆ ಕೊಟ್ಟೆ, ಅದನ್ನೂ ಕುಡಿದರು.

ಮೂರು ವಾರ ಹೀಗೆ ಹೋಯಿತು. ನಮ್ಮನ್ನೆಲ್ಲ ಕಾಪಾಡಿದ್ದು ಆ ಕುಣಿ. ಮೇಸ್ತ್ರಿ ಎಣ್ಣೆ ಬದಲಿಸಲು ಬಂದವನು ಪಡಸಾಲೆಯಲ್ಲಿ ಕಾರಿನ ಕೆಳಗೆ ಬಗ್ಗಿ ನೋಡಿ, ಕೂಗಿಕೊಂಡ.

"ಯಾ ಅಲ್ಲಾ! ಕಾಕಾ, ಇದೇನ್ರಿ ಇದು! ಹುಬ್ಬಳ್ಯಾಗ ದೊಡ್ಡ ದೊಡ್ಡ ಗ್ಯಾರೇಜಿನವರು ಇಂಥಾ ತಗ್ಗು ತಗಸಾಕ ಸಿಮೆಂಟು ಹಾಕಿ ಒದ್ದಾಡತಾರ. ನಿಮ್ಮ ಮನ್ಯಾಗ ಹುಟ್ಟಾ ಐತಿ!"

ಅಂಗಾತ ಮಲಗಿ ಕಣ್ಣಿಗೆ ಎಣ್ಣೆ ಹನಿಸಿಕೊಳ್ಳುತ್ತಿದ್ದವನು ಕುಣಿಯಲ್ಲಿ ಇಳಿದು, ಆರಾಮಾಗಿ ಕುಳಿತು, ತಲೆಯ ಮೇಲೆ ಕಾರಿನ ಹೊಟ್ಟೆ ಇಟ್ಟುಕೊಂಡು ಕೆಲಸ ಮಾಡಿದ. ಮಾವನವರು ಕಟ್ಟೆಯಿಂದ ಎದ್ದು ಬಂದರು. ಬ್ಯಾಟರಿ ದೀಪ ಹಿಡಿದರು. ಬೋಲ್ಟು ಬಿಚ್ಚುವ ಪಾನಾ ಕೊಡು ಎಂದರೆ ಪಾನಾ ಕೊಟ್ಟರು. ವಾರದೊಳಗೆ ಸುದ್ದಿ ಹಬ್ಬಿತು. ಹಾವೇರಿಯಿಂದ ಒಬ್ಬ ವಕೀಲರು ತಮ್ಮ ಕಾರು ತಂದರು. ಅಗಡಿಯಿಂದ ಒಬ್ಬ ಮಾಸ್ತರರು ಬಂದರು. ಬ್ಯಾಡಗಿಯ ವ್ಯಾಪಾರಿ ತಮ್ಮ ಗುಂಡು ಮೂತಿಯ ಹೊಸದನ್ನೇ ತಂದರು. ಅದೂ ಒಳಗೆಲ್ಲ ಮೆಣಸಿನಕಾಯಿ ನಾರುತ್ತಿತ್ತು. ಕೆಲಸವಿದ್ದ ದಿನ ನಮ್ಮ ಕಾರನ್ನು ಹೊರಗೆ ತೆಗೆದು ಅವರದನ್ನು ಒಳಗೆ ನಿಲ್ಲಿಸುವುದು. ಹಳೆಯ ಸೀರೆಯ ತುಂಡಿನಿಂದ ಎಣ್ಣೆ ಒರೆಸುತ್ತ ಮಾವನವರು, ಬಂದವರಿಗೆಲ್ಲ ಜಪಾನಿನ ಆ ಅವ್ವ ಮಗನ ಕಥೆ ಹೇಳುವರು. ಹೇಳುತ್ತ ಹೇಳುತ್ತ ಆ ಅವ್ವ ಸೀರೆ ಉಡತೊಡಗಿದಳು. ಕೊನೆಕೊನೆಗೆ ರೊಟ್ಟಿಯನ್ನೂ ಬಡಿದಳು.

ಅವರ ಮುಖದಲ್ಲಿ ನಗು ಬಂದದ್ದು ನೋಡಿ ನನಗೆ ಜೀವ ಹಗುರಾಯಿತು. ನೋಡು, ಎಷ್ಟು ಖುಷಿಯಾಗಿದ್ದಾರೆ, ಮಗ್ಗ ಬಿಟ್ಟದ್ದೇ ಒಳ್ಳೆಯದಾಯಿತು ಎಂದು ನಮ್ಮ ಮನೆಯವರಿಗೆ ದಿನಕ್ಕೊಮ್ಮೆ ಹೇಳುತ್ತಿದ್ದೆ. ಅವರು ಕೇಳದಿದ್ದರೂ ಹೇಳುತ್ತಿದ್ದೆ. ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ಮಾವನವರು ಕಾರಿನ ಮಗ್ಗುಲಲ್ಲಿ ನೆಲಕ್ಕೆ ಕುಳಿತು, ಅದರ ಕೆಳಗೆ ಕಾಲು ಚಾಚಿ, ಕುಣಿಯಲ್ಲಿ ಇಳಿಬಿಡಲು ನೋಡುತ್ತಿದ್ದರು. ಅದನ್ನೂ ನಾನು ಕಂಡಿದ್ದೆ. ಆ ಮಾತನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಮೇಸ್ತ್ರಿ ಎರಡನೆಯ ಸಲ ತರಬೇತಿಗೆ ಹುಬ್ಬಳ್ಳಿಗೆ ಹೋಗಿ ಬಂದ. ಮರುದಿನ ಕುಣಿಯಲ್ಲಿ ಕುಳಿತು ಕೆಲಸ 
ಮಾಡುತ್ತಿದ್ದ. ನಾನು ಇಬ್ಬರಿಗೂ ಚಹಾ ತಂದೆ.

"ಕಾಕಾ, ನೀವು ಕೇಳಿಕೊಂಡ ಬಾ ಅಂದಿದ್ರಲ್ಲಾ, ಕೇಳಿದೆ" ಎಂದ ಕೆಳಗಿನಿಂದ. "ಅವರು ಮಗ್ಗ ಬಿಡಲಿಲ್ಲಂತ್ರಿ. ಕಾರು ಮಾಡಾಕತ್ತ ಮ್ಯಾಲೂ ಭಾಳ ವರ್ಷ ಮಗ್ಗಾನೂ ಮಾಡಿದ್ರಂತ. ಒಂದು ಕಡೆ ಇದು, ಒಂದು ಕಡೆ ಅದು."

ಮಾವನವರು ನನ್ನ ಕಡೆ ನೋಡಿದರು, ಅಷ್ಟೇ. "ಚಹಾ ಆರತೈತಿ, ಮ್ಯಾಲೆ ಬಾ" ಎಂದು ಮೇಸ್ತ್ರಿಗೆ ಹೇಳಿದರು. ನಾನು ಒಳಗೆ ಹೋಗಿ ಸುಮ್ಮನೆ ಪಾತ್ರೆ ತೊಳೆದೆ. ತೊಳೆದಿದ್ದ ಪಾತ್ರೆಗಳನ್ನೇ ತೊಳೆದೆ.

ಮುಂದಿನ ಭಾನುವಾರ ಕುಪ್ಪೇಲೂರಿನ ಪರಿಚಯದವರ ಮನೆಯಲ್ಲಿ ತೊಟ್ಟಿಲ ಕಾರ್ಯವಿತ್ತು. ಬೆಳಿಗ್ಗೆ ಕಾರು ತೆಗೆದುಕೊಂಡು ಗಂಡ ಹೆಂಡತಿ ಹೋದೆವು. ಇಳಿ ಮಧ್ಯಾಹ್ನ ನಾನೇ ಓಡಿಸಿಕೊಂಡು ಬಂದೆ. ಮನೆಯ ಮುಂದೆ ನಿಂತು ಹಾರ್ನ್ ಹೊಡೆದೆ. ದೊಡ್ಡ ಬಾಗಿಲು ತೆರೆದೇ ಇತ್ತು. ಒಳಗೆ ಮಗ್ಗ ನಿಂತಿತ್ತು.

ಮೇಸ್ತ್ರಿ ಕಟ್ಟಿಗೆಗಳನ್ನು ಇಳಿಸಿಕೊಟ್ಟು, ಕಟ್ಟಲು ಕೈಜೋಡಿಸಿ, ನಾವು ಬರುವ ಹೊತ್ತಿಗೆ ಜಾಣನಂತೆ ಜಾಗ ಖಾಲಿ ಮಾಡಿದ್ದ. ಮಾವನವರು ಕುಣಿಯ ಅಂಚಿಗೆ ಕುಳಿತು ಹಗ್ಗ ಬಿಗಿಯುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ತಪ್ಪು ನನ್ನದೇ ಇದ್ದಾಗ ನನಗೆ ಸಿಟ್ಟು ಬೇಗ ಬರುತ್ತದೆ.

"ಏನ್ರಿ ಮಾವಾರ ಇದು?"

"ಮಗ್ಗ."

"ಅದು ಕಾಣಸತೈತಿ. ಕಾರು ಎಲ್ಲಿ ನಿಲ್ಲಸೂದ್ರಿ? ನೀವ ಒಪ್ಪಿ ಬಿಚ್ಚಿದ್ರಿ. ನಾವೇನು ನಿಮ್ಮ ಕೈ ಹಿಡದು ಬಿಚ್ಚಿಸಿದೆವೇನು? ಓಣಿ ಮಂದಿ ಎದುರಿಗೆ ಹಿಂಗ ಮಾಡಿದ್ರ ಹೆಂಗ್ರಿ?"

ನಮ್ಮ ಮನೆಯವರು ಹಿಂದಿನಿಂದ ನನ್ನ ಸೆರಗು ಎಳೆದರು. ಅವತ್ತು ಅವರಿಗೆ ಹೋಗಲು ಕುಪ್ಪೇಲೂರೂ ಉಳಿದಿರಲಿಲ್ಲ. ಮಾವನವರು ಹಗ್ಗ ಬಿಟ್ಟರು. ಮಗ್ಗುಲಲ್ಲಿದ್ದ ಕೊಡತಿಯನ್ನು ತೆಗೆದು ನನ್ನ ಮುಂದೆ ಚಾಚಿದರು.

"ಮನಿ ನಿಂದೂ ಐತಿ. ಬ್ಯಾಡ ಅಂದ್ರ ಬಿಚ್ಚು. ನಾ ಒಲ್ಲೆ ಅನ್ನೂದಿಲ್ಲ. ಆದ್ರ ಈ ಸಲ ನೀನ ಬಿಚ್ಚು ತಂಗಿ. ನನ್ನ ಕೈ ಒಮ್ಮೆ ಬಿಚ್ಯಾವ, ಮತ್ತೊಮ್ಮೆ ಬರೂದಿಲ್ಲ."

ಕೊಡತಿ ನನ್ನ ಕೈಯಲ್ಲಿತ್ತು. ಹಿಡಿಯುವ ಕಡೆ ಅವರ ಬೆರಳಿನ ಜಾಗ ಸವೆದು ನುಣುಪಾಗಿತ್ತು. ಇಷ್ಟು ದಿನ ಅವರಿಗೆ ನೋವಾಗಿದ್ದು ನನಗೆ ಗೊತ್ತಿರಲಿಲ್ಲ ಎಂದು ಬರೆಯಬಹುದು. ಆದರೆ ಗೊತ್ತಿತ್ತು. ಮೊದಲ ದಿನದಿಂದಲೇ ಗೊತ್ತಿತ್ತು.

"ನಾ ನಿಮಗ ಸುಳ್ಳು ಹೇಳಿದ್ದೆ ಮಾವಾರ" ಎಂದೆ. "ಅವರು ಮಗ್ಗ ಬಿಟ್ಟರು ಅಂತ."

"ಅವತ್ತ ಗೊತ್ತಾತು" ಎಂದರು. "ಗೊತ್ತಿಲ್ಲಂದ್ರ ಕೇಳಿ ಹೇಳತೇನಿ ಅನ್ನಾಕಿ ನೀ. ಅವತ್ತು ಯಾರನ್ನೂ ಕೇಳಲಿಲ್ಲ."

"ಗೊತ್ತಿದ್ದೂ ಯಾಕ ಬಿಚ್ಚಿದ್ರಿ?"

ಅವರು ಮತ್ತೆ ಹಗ್ಗ ಕೈಗೆ ತೆಗೆದುಕೊಂಡು, ನನ್ನ ಮುಖ ನೋಡದೆ ಹೇಳಿದರು:

"ನೀ ಈ ಮನಿಗೆ ಬಂದು ಹನ್ನೆರಡು ವರ್ಷ ಆತು. ನನಗ ಏನೂ ಕೇಳಿದಾಕಿ ಅಲ್ಲ. ಇದೊಂದು ಕೇಳಿದಿ. ಸುಳ್ಳು ಹೇಳೂವಷ್ಟು ಆಸೆ ಐತಿ ಅಂದ ಮ್ಯಾಲೆ ಇಲ್ಲ ಅನ್ನಾಕ ಮನಸ್ಸಾಗಲಿಲ್ಲ. ಆದಷ್ಟು ದಿನ ನೋಡಿದೆ, ತಂಗಿ. ಆಗಲಿಲ್ಲ."

ನಾನು ಹೊಸ್ತಿಲ ಮೇಲೆ ಕುಳಿತು, ಓಣಿಯವರು ನೋಡುತ್ತಿದ್ದಾರೆ ಎಂಬುದನ್ನೂ ಮರೆತು ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲಿಲ್ಲ. ಅದು ಅವರ ಸ್ವಭಾವದಲ್ಲಿ ಇರಲಿಲ್ಲ. ಹಗ್ಗದ ಒಂದು ತುದಿಯನ್ನು ನನ್ನ ಕಡೆ ಎಸೆದು, ಬಿಗಿಯಾಗಿ ಹಿಡಿ ಎಂದರು. ಕೊಡತಿ ಕೆಳಗಿಟ್ಟು, ಗಂಟು ಬೀಳುವ ತನಕ ನಾನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಆಮೇಲೆ ಕಣ್ಣೊರೆಸಿಕೊಂಡು ಹೊರಗೆ ಹೋಗಿ, ಕಾರನ್ನು ಹಿಂದಕ್ಕೆ ತೆಗೆದು, ಗೋಡೆಗೆ ಹಚ್ಚಿ ಓಣಿಯಲ್ಲೇ ನಿಲ್ಲಿಸಿದೆ.